ತೊಟ್ಟಿಯ ತಳದ ಗುಳ್ಳೆ: ಕೆಸರನ್ನು ಕದಡಬೇಕೋ, ಬೇಡವೋ?



ನಮ್ಮ ಶಾಲೆಯ ವಿಜ್ಞಾನ ಕೋಣೆಯ ಗಾಜಿನ ತೊಟ್ಟಿಯನ್ನು ನೀವೆಲ್ಲರೂ ನೋಡಿದ್ದೀರಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ. ತಳದಲ್ಲಿ ತೋಡಿನಿಂದ ತಂದ ಕೆಸರು, ಅದರ ಮೇಲೆ ಹೊಳೆ ಹೊಯ್ಗೆ, ಅದರಲ್ಲಿ ಹೈಡ್ರಿಲ್ಲಾ ಮತ್ತು ಪಟ್ಟಿಯ ಹಾಗೆ ಉದ್ದ ಎಲೆ ಇರುವ ವ್ಯಾಲಿಸ್ನೇರಿಯಾ. ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಹನ್ನೊಂದು ಇವೆ. ಈಗ ಸ್ವಲ್ಪ ದಿನದಿಂದ ಹೊಯ್ಗೆಯ ಅಡಿಯಿಂದ ಗುಳುಕ್ ಗುಳುಕ್ ಎಂದು ಗುಳ್ಳೆ ಬರುತ್ತಿದೆ. ಗಾಜಿನ ಹೊರಗಿನಿಂದ ನೋಡಿದರೆ ಹೊಯ್ಗೆಯ ಕೆಳಗೆ ಒಂದು ಕಪ್ಪು ಪಟ್ಟಿ ಕಾಣುತ್ತದೆ.

ಇದರಿಂದ ನಮ್ಮ ತರಗತಿಯಲ್ಲಿ ಎರಡು ಪಕ್ಷ ಆಗಿದೆ. ಒಂದು ಪಕ್ಷದವರು "ಅದ್ ವಿಷದ ಗ್ಯಾಸ್ ಮಾರಾಯ್ರೆ, ಬಪ್ಪ ಶನಿವಾರ ಒಂದ್ ಕೋಲ್ ಹಾಕಿ ಪೂರಾ ಕಲಕಿ ಬಿಡುವ" ಎನ್ನುತ್ತಾರೆ. ಇನ್ನೊಂದು ಪಕ್ಷದವರು "ಮುಟ್ಟುದೇ ಬ್ಯಾಡ" ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡೂ ಸರಿಯಲ್ಲ. ಪೂರಾ ಕಲಕಿದರೆ ಹನ್ನೊಂದು ಮೀನಿನಲ್ಲಿ ಒಂದೂ ಉಳಿಯದೇ ಇರಬಹುದು. ಏಕೆ ಎಂದು ಹೇಳುವುದಕ್ಕೇ ಈ ಲೇಖನ. ಉದ್ದ ಆಗಿರುವುದರಿಂದ ಹಾಳೆಗಳನ್ನು ಒಂದರ ಕೆಳಗೊಂದು ಅಂಟಿಸಿದ್ದೇವೆ, ಮೇಲಿನಿಂದ ಓದಿ. ಚಿಕ್ಕವರಿಗೆ ಮೇಲಿನ ಹಾಳೆ ಎಟುಕದಿದ್ದರೆ ದೊಡ್ಡವರು ಓದಿ ಹೇಳಬೇಕು.

ಕೆಸರಿನ ಒಳಗೆ ಗಾಳಿ ಇಲ್ಲ

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಆದರೆ ನೀರಿನಲ್ಲಿ ಕರಗಿರುವುದು ಬಹಳ ಕಡಿಮೆ. ನಮ್ಮೂರಿನ ಸೆಖೆಯಲ್ಲಿ ಒಂದು ಲೀಟರ್ ಸಿಹಿನೀರಿನಲ್ಲಿ ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ. ಅದೂ ನೀರಿನಲ್ಲಿ ಬಹಳ ನಿಧಾನವಾಗಿ ಹರಡುತ್ತದೆ. ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಹಾಗಾಗಿ ಮೆತ್ತನೆಯ ಕೆಸರಿನಲ್ಲಿ ಆಮ್ಲಜನಕ ಕೆಲವು ಮಿಲಿಮೀಟರ್ ಮಾತ್ರ ಇಳಿಯುತ್ತದೆ. ಉಗುರಿನ ದಪ್ಪ ಎಂದು ತಿಳಿಯಿರಿ. ಅದರ ಕೆಳಗೆ ಗಾಳಿಯೇ ಇಲ್ಲದ ಲೋಕ.

ಆದರೆ ಅಲ್ಲಿಯೂ ಜೀವಿಗಳಿವೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಬಿದ್ದ ಎಲೆ, ಸತ್ತ ಹುಳ, ಮೀನಿನ ಹೇಲು, ನಾವು ಹಾಕಿದ ಅನ್ನದ ಅಗುಳು, ಎಲ್ಲವನ್ನೂ ತಿಂದು ಕೊಳೆಸುವವರು ಅವರೇ. ಮನೆಯಲ್ಲಿ ಅನ್ನ ಮುಗಿದರೆ ಗಂಜಿ, ಗಂಜಿ ಮುಗಿದರೆ ತೆಳಿ ಕುಡಿಯುವುದಿಲ್ಲವೇ? ಹಾಗೆಯೇ ಆಮ್ಲಜನಕ ಮುಗಿದ ಮೇಲೆ ಬ್ಯಾಕ್ಟೀರಿಯಾಗಳು ಬೇರೆ ವಸ್ತು ಹಿಡಿಯುತ್ತವೆ. ಮೊದಲು ನೈಟ್ರೇಟ್, ಆಮೇಲೆ ಮಣ್ಣಿನ ಕಬ್ಬಿಣದ ತುಕ್ಕು, ಅದೂ ಮುಗಿದರೆ ಸಲ್ಫೇಟ್. ಸಲ್ಫೇಟಿನಲ್ಲಿ ಗಂಧಕ ಇರುತ್ತದೆ. ಅದನ್ನು ಬಳಸುವ ಬ್ಯಾಕ್ಟೀರಿಯಾಗಳು ಕೊನೆಗೆ ಬಿಡುವ ಗಾಳಿಯೇ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ನಾತ ಬರುವುದು ಇದರಿಂದ. ಸಲ್ಫೇಟೂ ಮುಗಿದಲ್ಲಿ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಮೀಥೇನ್ ಬಿಡುತ್ತವೆ. ಹಟ್ಟಿ ಇರುವ ಮನೆಯವರಿಗೆ ಮೀಥೇನ್ ಹೊಸದಲ್ಲ, ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದು ಅದೇ. ಇಟಲಿಯ ವೋಲ್ಟಾ ಎಂಬ ವಿಜ್ಞಾನಿ 1776ರಲ್ಲಿ ಒಂದು ದೊಡ್ಡ ಸರೋವರದ ಬದಿಯ ಕೆಸರನ್ನು ಕೋಲಿನಿಂದ ತಿವಿದು, ಎದ್ದ ಗುಳ್ಳೆಯನ್ನು ಬಾಟ್ಲಿಯಲ್ಲಿ ಹಿಡಿದು, ಅದು ಉರಿಯುತ್ತದೆ ಎಂದು ತೋರಿಸಿದರು. ವಿದ್ಯುತ್ತಿನ ವೋಲ್ಟ್ ಎಂಬ ಹೆಸರು ಬಂದದ್ದೂ ಇವರಿಂದಲೇ.

ಅಂದರೆ ತೊಟ್ಟಿಯಿಂದ ಬರುವ ಗುಳ್ಳೆಗಳೆಲ್ಲ ವಿಷ ಅಲ್ಲ. ಅದರಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್, ಸಾರಜನಕ ಹೆಚ್ಚು. ಸಿಹಿನೀರಿನಲ್ಲಿ ಸಲ್ಫೇಟ್ ಕಡಿಮೆ ಇರುವುದರಿಂದ ಹೈಡ್ರೋಜನ್ ಸಲ್ಫೈಡ್ ಕಡಿಮೆಯೇ ಹುಟ್ಟುತ್ತದೆ. ಹುಟ್ಟಿದ್ದರಲ್ಲಿ ಬಹುಪಾಲು ಮಣ್ಣಿನ ಕಬ್ಬಿಣದ ಜೊತೆ ಸೇರಿ ಕಬ್ಬಿಣದ ಸಲ್ಫೈಡ್ ಆಗುತ್ತದೆ. ಗಾಜಿನಲ್ಲಿ ಕಾಣುವ ಕಪ್ಪು ಪಟ್ಟಿ ಅದೇ. ಉಳಿದದ್ದು ಮೇಲೆ ಬರುವಾಗ ಹೊಯ್ಗೆಯ ಮೇಲ್ಪದರದ ಆಮ್ಲಜನಕ ಅದನ್ನು ಅಲ್ಲಿಯೇ ಹಿಡಿದು ಪುನಃ ಸಲ್ಫೇಟ್ ಮಾಡುತ್ತದೆ. ಈ ಕೆಲಸಕ್ಕೂ ಒಂದು ಜಾತಿಯ ಬ್ಯಾಕ್ಟೀರಿಯಾ ಇದೆ. ಅವು ಹೈಡ್ರೋಜನ್ ಸಲ್ಫೈಡನ್ನೇ ಉಂಡು ಬದುಕುತ್ತವೆ ಎಂದು 1880ರ ದಶಕದಲ್ಲಿ ರಷ್ಯಾದ ವಿನೊಗ್ರಾಡ್‌ಸ್ಕಿ ಕಂಡುಹಿಡಿದರು. ವಿಷವನ್ನೇ ಗಂಜಿಯ ಹಾಗೆ ಉಣ್ಣುವವರು! ಮೇಲಿನ ಆ ತೆಳು ಕಂದು ಪದರ ಮನೆಯ ಬಾಗಿಲು ಇದ್ದ ಹಾಗೆ. ಅದು ಸರಿ ಇರುವವರೆಗೆ ಕೆಳಗಿನದ್ದು ಕೆಳಗೇ ಇರುತ್ತದೆ.

ಈಗ ಕೋಲು ಹಾಕಿ ಪೂರಾ ಕಲಕಿದರೆ ಏನಾಗುತ್ತದೆ? ಬಾಗಿಲೇ ಹೋಯಿತು. ತಿಂಗಳುಗಟ್ಟಲೆ ಕೆಳಗೆ ಕೂಡಿಕೊಂಡದ್ದು ಒಂದೇ ನಿಮಿಷದಲ್ಲಿ ಮೇಲೆ ಬರುತ್ತದೆ. ಮೀನಿಗೆ ಎರಡು ಕಡೆಯಿಂದ ಪೆಟ್ಟು. ಒಂದು, ಹೈಡ್ರೋಜನ್ ಸಲ್ಫೈಡ್ ಮೀನಿನ ಮೈಯ ಜೀವಕೋಶಗಳು ಆಮ್ಲಜನಕ ಬಳಸದ ಹಾಗೆ ಮಾಡುತ್ತದೆ. ಎರಡು, ಕಪ್ಪು ಕೆಸರು ಮೇಲೆ ಬಂದ ಕೂಡಲೇ ನೀರಿನಲ್ಲಿದ್ದ ಆಮ್ಲಜನಕವನ್ನು ತಾನೇ ಎಳೆದುಕೊಳ್ಳುತ್ತದೆ. ಹೊರಗೆ ತೆಗೆದಿಟ್ಟ ಕಪ್ಪು ಕೆಸರು ಒಂದೆರಡು ದಿನದಲ್ಲಿ ಬೂದು, ಕಂದು ಆಗುವುದನ್ನು ತೋಡು ಹೂಳೆತ್ತುವಾಗ ನೀವು ನೋಡಿರುತ್ತೀರಿ. ಆ ಬಣ್ಣ ಬದಲಾಗುವುದೆಂದರೆ ಅದು ಆಮ್ಲಜನಕ ಕುಡಿಯುತ್ತಿದೆ ಎಂದರ್ಥ. ಹೊರಗೆ ಗಾಳಿಗೆ ಬರವಿಲ್ಲ. ಗಾಜಿನ ತೊಟ್ಟಿಯಲ್ಲಿ ಹನ್ನೊಂದು ಮೀನಿಗೆ ಇರುವುದೇ ಅಷ್ಟು.

ಹೊಳೆ ಬದಿಯ ಕಪ್ಪು ಕೆಸರು

ಕುಂದಾಪುರದಲ್ಲಿ ಐದು ಹೊಳೆ ಸೇರುವ ಪಂಚಗಂಗಾವಳಿಯ ಬದಿಗೆ ಇಳಿತದ ಹೊತ್ತಿಗೆ ಹೋದವರಿಗೆ ಈ ನಾತ ಗೊತ್ತು. ಬ್ರಹ್ಮಾವರದ ಕಡೆ ಸೀತಾ, ಸ್ವರ್ಣಾ ಹೊಳೆಗಳು ಕಡಲು ಸೇರುವಲ್ಲಿಯೂ ಇದೆ. ಕಾಂಡ್ಲಾ ಗಿಡದ ಬುಡದಲ್ಲಿ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತು ಹೋಗುತ್ತದೆ, ಎತ್ತುವಾಗ ಗಬ್ಬು ನಾತ. ಸಿಹಿನೀರಿನ ತೋಡಿನ ಕೆಸರಿಗಿಂತ ಇಲ್ಲಿಯದ್ದು ಜೋರು. ಕಾರಣ ಉಪ್ಪುನೀರು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಭರತ ಬಂದಾಗಲೆಲ್ಲ ಹೊಸ ಸಲ್ಫೇಟ್ ಬರುತ್ತದೆ. ಎಲೆ ಉದುರಿ ಕೊಳೆಯುತ್ತಲೇ ಇರುತ್ತದೆ. ಬ್ಯಾಕ್ಟೀರಿಯಾಗಳಿಗೆ ಎರಡೂ ಸಿಕ್ಕಿತು.

ಹಾಗಾದರೆ ಕಾಂಡ್ಲಾ ಗಿಡ ಏಕೆ ಸಾಯುವುದಿಲ್ಲ? ಕೆಲವು ಜಾತಿಯ ಕಾಂಡ್ಲಾದ ಸುತ್ತ ಕೆಸರಿನಿಂದ ಪೆನ್ಸಿಲ್ ನಟ್ಟ ಹಾಗೆ ಬೇರುಗಳು ಮೇಲೆ ಎದ್ದಿರುತ್ತವೆ. ಅವು ಉಸಿರಾಡುವ ಬೇರುಗಳು. ಇಳಿತದಲ್ಲಿ ಗಾಳಿ ಎಳೆದು ಕೆಳಗಿನ ಬೇರಿಗೆ ಕಳುಹಿಸುತ್ತವೆ. ಬೇರಿನಿಂದ ಸ್ವಲ್ಪ ಆಮ್ಲಜನಕ ಹೊರಗೂ ಸೋರಿ ಸುತ್ತಲಿನ ಕೆಸರಿನ ವಿಷವನ್ನು ಮುರಿಯುತ್ತದೆ. ಏಡಿಗಳೂ ಬಿಲ ತೋಡಿ ಗಾಳಿಗೆ ದಾರಿ ಮಾಡುತ್ತವೆ. ಏಡಿ ಹಿಡಿಯಲು ಹೋಗುವವರು ಬಿಲದ ಗೋಡೆಯನ್ನು ಸರಿಯಾಗಿ ನೋಡಿ. ಸುತ್ತ ಕಪ್ಪು ಇದ್ದರೂ ಬಿಲದ ಅಂಚು ಕಂದು ಇರುತ್ತದೆ.

ಭತ್ತದ ಗದ್ದೆಯಲ್ಲಿಯೂ ಇದೇ ಕತೆ. ಮಳೆಗಾಲದ ಬೆಳೆಯಲ್ಲಿ ಗದ್ದೆ ತಿಂಗಳುಗಟ್ಟಲೆ ನೀರಿನ ಅಡಿಯಲ್ಲಿರುತ್ತದೆ. ಚೆನ್ನಾಗಿರುವ ನೇಜಿಯ ಒಂದು ಬುಡ ಕಿತ್ತು ತೊಳೆದರೆ ಬೇರಿಗೆ ತುಕ್ಕಿನ ಬಣ್ಣ ಇರುತ್ತದೆ. ಭತ್ತದ ಗಿಡದ ಒಳಗೆ ಗಾಳಿ ಹೋಗುವ ಸಣ್ಣ ಸಣ್ಣ ಕೊಳವೆ ಇವೆ, ಎಲೆಯಿಂದ ಬಂದ ಆಮ್ಲಜನಕ ಬೇರಿನ ಸುತ್ತ ಕಬ್ಬಿಣವನ್ನು ತುಕ್ಕು ಮಾಡುತ್ತದೆ. ಆ ತುಕ್ಕೇ ಬೇರಿಗೆ ಅಂಗಿ. ಹಸಿ ಸೊಪ್ಪು ಮಿತಿಮೀರಿ ಹಾಕಿ ನೀರು ಬಿಡದೇ ನಿಲ್ಲಿಸಿದ ಗದ್ದೆಯಲ್ಲಿ ಬೇರು ಕಪ್ಪಾಗಿ, ನಾತ ಬಂದು, ಎಲೆ ಹಳದಿ ಆಗುತ್ತದೆ. ಆಗ ಎರಡು ಮೂರು ದಿನ ಗದ್ದೆಯ ಕಟ್ಟ ಕಡಿದು ನೀರು ಬಿಟ್ಟು ಒಣಗಿಸಿದರೆ ಗಾಳಿ ಒಳಗೆ ಹೋಗಿ ಬೆಳೆ ಸುಧಾರಿಸುತ್ತದೆ. ಈ ಬುದ್ಧಿ ನಮ್ಮ ಅಜ್ಜಂದಿರಿಗೆ ಹೈಡ್ರೋಜನ್ ಸಲ್ಫೈಡ್ ಎಂಬ ಹೆಸರು ಗೊತ್ತಾಗುವ ಮೊದಲೇ ಇತ್ತು.

ಇನ್ನೊಂದು ಸಂಗತಿ ಹೆಣ್ಣುಮಕ್ಕಳಿಗೆ. ಹಿಂದೆ ತೆಂಗಿನ ಸಿಪ್ಪೆಯನ್ನು ಹೊಳೆ ಬದಿಯ ಕೆಸರಿನಲ್ಲಿ ಹೂತು ಕೊಳೆಸಿ, ನಂತರ ಬಡಿದು ನಾರು ತೆಗೆಯುತ್ತಿದ್ದರಂತೆ. ಆ ಕೆಲಸಕ್ಕೆ ಇಳಿದರೆ ಕಾಲುಂಗುರ ಕಪ್ಪಾಗುತ್ತಿತ್ತು ಎಂದು ನನ್ನ ಅಜ್ಜಿ ಹೇಳುತ್ತಾರೆ. ಬೆಳ್ಳಿಯ ಜೊತೆ ಹೈಡ್ರೋಜನ್ ಸಲ್ಫೈಡ್ ಸೇರಿದರೆ ಬೆಳ್ಳಿಯ ಸಲ್ಫೈಡ್ ಎಂಬ ಕಪ್ಪು ಪದರ ಆಗುತ್ತದೆ. ಕೆಸರು ಗದ್ದೆಯಲ್ಲಿ ಗೆಜ್ಜೆ ಕಪ್ಪಾದರೆ ಬೆಳ್ಳಿ ಖೋಟಾ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗುವುದು ಬೇಡ.

ಬಾಟ್ಲಿಯಲ್ಲಿ ಮಾಡಿ ನೋಡಿ

ಇದನ್ನು ನಂಬದವರು ಪರೀಕ್ಷೆ ಮಾಡಬಹುದು. ವಿನೊಗ್ರಾಡ್‌ಸ್ಕಿಯವರ ಹೆಸರಿನಲ್ಲಿಯೇ ಇರುವ ಪ್ರಯೋಗ ಇದು. ಎರಡು ದೊಡ್ಡ ಪಾರದರ್ಶಕ ಬಾಟ್ಲಿ ತೆಗೆದುಕೊಳ್ಳಿ. ಎರಡಕ್ಕೂ ಅರ್ಧದಷ್ಟು ಹೊಳೆ ಕೆಸರು ಹಾಕಿ. ಒಂದರ ಕೆಸರಿಗೆ ಮಾತ್ರ ಹರಿದ ಪೇಪರ್ ಚೂರು ಮತ್ತು ಬೇಯಿಸಿದ ಮೊಟ್ಟೆಯ ಹಳದಿ ಸ್ವಲ್ಪ ಕಲಸಿ. ಮೇಲೆ ಹೊಳೆ ನೀರು ಹಾಕಿ, ಮುಚ್ಚಳವನ್ನು ಬಿಗಿ ಮಾಡದೇ ಸಡಿಲ ಇಟ್ಟು, ಬೆಳಕು ಬರುವ ಕಿಟಕಿಯಲ್ಲಿಡಿ. ಬಿಗಿ ಮಾಡಿದರೆ ಗ್ಯಾಸ್ ತುಂಬಿ ಒಡೆಯಬಹುದು. ಮೊಟ್ಟೆ ಹಾಕಿದ್ದು ಮೊದಲು ಕಪ್ಪಾಗುತ್ತದೆ. ವಾರಗಳು ಕಳೆದ ಮೇಲೆ ಹಸಿರು, ನೇರಳೆ ಬಣ್ಣದ ಪಟ್ಟಿಗಳು ಬರುತ್ತವೆ, ಅವು ಗಂಧಕ ಬಳಸುವ ಬಣ್ಣದ ಬ್ಯಾಕ್ಟೀರಿಯಾಗಳು. ಮೂಗನ್ನು ಬಾಟ್ಲಿಯ ಬಾಯಿಗೆ ಇಡಬೇಡಿ. ಕೈಯಿಂದ ಗಾಳಿ ಬೀಸಿಕೊಂಡು ದೂರದಿಂದ ಮೂಸಿ. ಮೊಟ್ಟೆಯ ಬಾಟ್ಲಿಗೂ ನಮ್ಮ ತೊಟ್ಟಿಗೂ ಏನು ಸಂಬಂಧ ಎಂದರೆ, ಮೊಟ್ಟೆಯ ಜಾಗದಲ್ಲಿ ನಮ್ಮಲ್ಲಿ ಬಿಸಿಯೂಟದ ಅನ್ನ.

ತೊಟ್ಟಿಗೆ ಏನು ಮಾಡಬೇಕು

ಮೊದಲನೆಯದು ಅನ್ನ ಹಾಕುವುದು ನಿಲ್ಲಬೇಕು. ಊಟ ಆದ ಮೇಲೆ ಕೈಯಲ್ಲಿ ಉಳಿದ ಅಗುಳನ್ನು ಪ್ರತಿಯೊಬ್ಬರೂ ಒಂದೊಂದು ಹಾಕಿದರೆ ನೂರು ಮಕ್ಕಳಿಗೆ ನೂರು ಅಗುಳು. ಗಪ್ಪಿಯ ಹೊಟ್ಟೆ ಅದರ ಕಣ್ಣಿನಷ್ಟು. ಉಳಿದದ್ದು ಹೊಯ್ಗೆಯ ಸಂದಿಗೆ ಇಳಿದು ಕೊಳೆಯುತ್ತದೆ. ಎರಡು ಮೂರು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಹಾಕಬೇಕು. ಒಂದು ದಿನ ಹಾಕದಿದ್ದರೂ ಅವು ಸಾಯುವುದಿಲ್ಲ.

ಕೆಸರು, ಹೊಯ್ಗೆ ಸೇರಿ ಎರಡು ಇಂಚಿಗಿಂತ ದಪ್ಪ ಬೇಡ. ನಮ್ಮ ತೊಟ್ಟಿಯಲ್ಲಿ ಹಿಂದಿನ ಮೂಲೆಯಲ್ಲಿ ಸ್ಕೇಲ್ ಇಟ್ಟು ಅಳೆದರೆ ನಾಲ್ಕು ಇಂಚು ಇದೆ, ಗುಳ್ಳೆ ಹೆಚ್ಚು ಬರುವುದೂ ಅಲ್ಲಿಂದಲೇ. ತೀರ ನುಣ್ಣಗಿನ ಹೊಯ್ಗೆಯೂ ಒಳ್ಳೆಯದಲ್ಲ, ಸಂದಿ ಇಲ್ಲದೇ ಒತ್ತಿಕೊಳ್ಳುತ್ತದೆ. ಸಾಸಿವೆಯಷ್ಟು ದಪ್ಪದ ಹೊಯ್ಗೆ ಒಳ್ಳೆಯದು. ಹಟ್ಟಿ ಗೊಬ್ಬರ ಹಾಕಿದರೆ ಗಿಡ ಚೆನ್ನಾಗಿ ಬರುತ್ತದೆ ಎಂದು ಯಾರೋ ಹೇಳಿದರು. ಗದ್ದೆಗೆ ಸರಿ, ಗಾಜಿನ ತೊಟ್ಟಿಗೆ ಬೇಡವೇ ಬೇಡ.

ಗಿಡ ಕೀಳಬೇಡಿ. ವ್ಯಾಲಿಸ್ನೇರಿಯಾದ ಬೇರು ಭತ್ತದ ಬೇರಿನ ಹಾಗೆಯೇ ಕೆಳಗೆ ಆಮ್ಲಜನಕ ಬಿಡುತ್ತದೆ. ಹಾಗಾಗಿ ಬೇರು ದಟ್ಟವಾಗಿರುವ ಎಡಗಡೆಯಲ್ಲಿ ಕಪ್ಪು ಪಟ್ಟಿ ತೆಳು, ಗಿಡವಿಲ್ಲದ ಬಲಗಡೆಯಲ್ಲಿ ದಪ್ಪ. ಗಾಜಿನ ಹೊರಗಿನಿಂದಲೇ ನೋಡಬಹುದು. ಬಲಗಡೆಗೂ ನಾಲ್ಕು ಬುಡ ನೆಡಬೇಕು. ಹೈಡ್ರಿಲ್ಲಾ ನೀರಿಗೆ ಆಮ್ಲಜನಕ ಕೊಡುತ್ತದೆ, ಆದರೆ ಹಗಲು ಮಾತ್ರ. ತೋಡಿನಲ್ಲಿ ಮೊಳೆಯ ಹಾಗೆ ಉದ್ದ ಚಿಪ್ಪಿನ ಸಣ್ಣ ಬಸವನಹುಳ ಸಿಗುತ್ತದೆ. ಅದು ಹಗಲು ಮಣ್ಣಿನೊಳಗೆ ತೂರಿಕೊಂಡು ರಾತ್ರಿ ಹೊರಗೆ ಬರುತ್ತದೆ. ಹತ್ತು ಬಿಟ್ಟರೆ ಅವೇ ಉಳುಮೆ ಮಾಡುತ್ತವೆ, ಸಂಬಳ ಇಲ್ಲದೇ.

ಈಗಾಗಲೇ ಕೂಡಿರುವ ಗ್ಯಾಸಿಗೆ ಹೀಗೆ ಮಾಡುವುದು. ತೊಟ್ಟಿಯನ್ನು ಮನಸ್ಸಿನಲ್ಲಿ ನಾಲ್ಕು ಪಾಲು ಮಾಡಿ. ವಾರಕ್ಕೆ ಒಂದು ಪಾಲಿನಲ್ಲಿ ಮಾತ್ರ, ತೆಳ್ಳನೆಯ ಹಿಡಿಕಡ್ಡಿಯಿಂದ ನಾಲ್ಕಾರು ಕಡೆ ಮೆಲ್ಲಗೆ ಚುಚ್ಚಿ ತೆಗೆಯಬೇಕು. ತಿರುಗಿಸಬಾರದು, ಕಲಕಬಾರದು. ಗುಳ್ಳೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ಬಂದ ಕೂಡಲೇ ಮಾಡಬೇಡಿ, ರಾತ್ರಿಯೆಲ್ಲ ಗಿಡವೂ ಮೀನೂ ಉಸಿರಾಡಿ ಆ ಹೊತ್ತಿಗೆ ಆಮ್ಲಜನಕ ಕಡಿಮೆ ಇರುತ್ತದೆ. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಮಾಡಿ. ಕಿಟಕಿ ತೆರೆದಿರಲಿ. ಆಮೇಲೆ ನಾಲ್ಕನೇ ಒಂದು ಪಾಲು ನೀರು ತೆಗೆದು ಬಾವಿ ನೀರನ್ನು ಚೊಂಬಿನಿಂದ ಎತ್ತರದಿಂದ ಹೊಯ್ಯಿರಿ, ಚಹಾ ಆರಿಸುವ ಹಾಗೆ. ಗಾಳಿ ಸೇರುತ್ತದೆ. ಹಿಂದಿನ ಮೂಲೆಯ ಹೆಚ್ಚಿನ ಕೆಸರನ್ನು ತೆಗೆಯಲೇಬೇಕು ಎಂದಾದರೆ ಮೊದಲು ಮೀನನ್ನು ಅದೇ ತೊಟ್ಟಿಯ ನೀರು ತುಂಬಿದ ಬಕೆಟಿಗೆ ಹಾಕಿ, ಆಮೇಲೆ ಸಣ್ಣ ಪೈಪಿನಿಂದ ಎಳೆದು ತೆಗೆಯುವುದು. ಪೈಪನ್ನು ಬಾಯಿಂದ ಎಳೆಯಬೇಡಿ, ನೀರು ತುಂಬಿಸಿ ಬೆರಳಲ್ಲಿ ಮುಚ್ಚಿ ಇಳಿಸಿ.

ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡಿದರೆ ಮಾತ್ರ ಹೆದರಬೇಕು. ಗುಳ್ಳೆಗೆ ಅಲ್ಲ.

ಸಿಗಡಿ ಕೆರೆಯವರ ಕಷ್ಟ

ನಮ್ಮದು ಹನ್ನೊಂದು ಗಪ್ಪಿ. ಆದರೆ ಇದೇ ಕಪ್ಪು ಕೆಸರಿನಿಂದ ಲಕ್ಷಗಟ್ಟಲೆ ರೂಪಾಯಿ ಹೋಗುವುದು ಸಿಗಡಿ ಕೆರೆಯಲ್ಲಿ. ಸಿಗಡಿ ಎಂದರೆ ನಮ್ಮ ಮನೆ ಮಾತಿನ ಚಟ್ಲಿ. 1990ರ ದಶಕದಲ್ಲಿ ಕರಾವಳಿಯಲ್ಲಿ ಉಪ್ಪುನೀರಿನ ಸಿಗಡಿ ಕೃಷಿ ಜೋರಾಯಿತು. ಆಗ ಸಾಕುತ್ತಿದ್ದದ್ದು ಹುಲಿಪಟ್ಟೆಯ ಟೈಗರ್ ಸಿಗಡಿ. 1994-95ರ ಹೊತ್ತಿಗೆ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿಯಲ್ಲೆಲ್ಲ ಬಹಳ ಜನ ಸೋತರು. 2009ರಲ್ಲಿ ವನಾಮಿ ಎಂಬ ಬೇರೆ ಜಾತಿಗೆ ಸರಕಾರ ಪರವಾನಗಿ ಕೊಟ್ಟ ಮೇಲೆ ಒಂದೇ ಕೆರೆಯಲ್ಲಿ ಮೊದಲಿಗಿಂತ ಹೆಚ್ಚು ಮರಿ ಬಿಡುತ್ತಾರೆ. ಮರಿ ಹೆಚ್ಚಾದರೆ ತಿನಿಸು ಹೆಚ್ಚು. ಒಂದು ಕಿಲೋ ಸಿಗಡಿ ಬೆಳೆಯಲು ಸುಮಾರು ಒಂದೂವರೆ ಕಿಲೋ ತಿನಿಸು ಬೇಕು. ತಿನ್ನದೇ ಬಿಟ್ಟದ್ದು, ತಿಂದು ಹಾಕಿದ್ದು ಎಲ್ಲ ತಳಕ್ಕೆ. ನೀರು ಉಪ್ಪು, ಸಲ್ಫೇಟಿಗೆ ಬರವಿಲ್ಲ. ಬಾಟ್ಲಿಯ ಮೊಟ್ಟೆಯನ್ನು ನೆನಪು ಮಾಡಿಕೊಳ್ಳಿ.

ಮೀನಾದರೆ ಮೇಲೆ ಹೋಗಿ ತಪ್ಪಿಸಿಕೊಳ್ಳಬಹುದು. ಸಿಗಡಿ ತಿನ್ನುವುದು ತಳದಲ್ಲಿ, ಪೊರೆ ಬಿಟ್ಟು ಮೆತ್ತಗಾದಾಗ ಕೂತುಕೊಳ್ಳುವುದೂ ತಳದಲ್ಲಿ. ಒಂದು ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೈಡ್ರೋಜನ್ ಸಲ್ಫೈಡ್ ಇದ್ದರೂ ಅದಕ್ಕೆ ತೊಂದರೆ. ಹಾಗಾಗಿಯೇ ಕೆರೆಯಲ್ಲಿ ಚಕ್ರದ ಹಾಗೆ ತಿರುಗಿ ನೀರು ಚಿಮ್ಮುವ ಏರಿಯೇಟರ್ ಯಂತ್ರ ಇಡುತ್ತಾರೆ. ನನ್ನ ಸೋದರಮಾವ ಒಂದು ಸಿಗಡಿ ಕೆರೆಯಲ್ಲಿ ರಾತ್ರಿ ಕಾವಲು ಇರುತ್ತಾರೆ. ಅವರನ್ನು ಕೇಳಿದೆ. ಅವರು ಹೇಳಿದ್ದು ಹೀಗೆ: "ರಾತ್ರಿ ಎರಡ್ ಗಂಟಿಗ್ ಕರೆಂಟ್ ಹೋಯ್ತ್ ಅಂದ್ರೆ ನಿದ್ರಿ ಇಲ್ಲೆ ಕಾಣ್. ಜನರೇಟರ್ ಸುರು ಆಪ್ಪಲ್ಲಿವರಿಗೆ ಎದಿ ಹೊಡ್ಕಂತ್ತ್." ರಾತ್ರಿಯ ಆ ಹೊತ್ತಿನಲ್ಲಿ ನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ. ಚಕ್ರ ನಿಂತರೆ ತಳದ ಬಾಗಿಲು ತೆರೆಯಿತು ಎಂದೇ ಲೆಕ್ಕ.

ಜೋರು ಮಳೆಗೂ ಅವರು ಹೆದರುತ್ತಾರೆ. ಮಳೆ ನೀರು ಸಿಹಿ, ಹಗುರ, ಅದು ಉಪ್ಪುನೀರಿನ ಮೇಲೆ ಬೇರೆಯೇ ಪದರ ಆಗಿ ನಿಲ್ಲುತ್ತದೆ. ಮೇಲಿನ ಗಾಳಿ ಕೆಳಗೆ ಹೋಗುವುದಿಲ್ಲ. ಅದಲ್ಲದೇ ಮಳೆ ನೀರಿನಿಂದ ಹುಳಿ ಅಂಶ ಹೆಚ್ಚಿದರೆ ಹೈಡ್ರೋಜನ್ ಸಲ್ಫೈಡ್ ಹೆಚ್ಚು ವಿಷ ಆಗುತ್ತದೆ. ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ನೀರಿನಲ್ಲಿ, ಅಂದರೆ ಪಿಎಚ್ 7 ಇರುವಾಗ, ಅದರಲ್ಲಿ ಸುಮಾರು ಅರ್ಧ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಅದಕ್ಕೇ ಸುಣ್ಣ ಹಾಕುವುದು. ಆದರೆ ಸುಣ್ಣ ಮಿತಿಮೀರಿದರೆ ಅಮೋನಿಯಾ ಎಂಬ ಇನ್ನೊಂದು ವಿಷ ಜೋರಾಗುತ್ತದೆ. ಆದ್ದರಿಂದ ತೊಟ್ಟಿಗೆ ಸುಣ್ಣ ಹಾಕುವ ಯೋಚನೆ ನಮಗೆ ಬೇಡ.

ಸಿಗಡಿ ಹಿಡಿದಾದ ಮೇಲೆ ಕೆರೆಯ ನೀರನ್ನೆಲ್ಲ ಬಿಟ್ಟು, ಕಪ್ಪು ಕೆಸರು ತೆಗೆದು, ನೆಲ ಬಿರುಕು ಬಿಡುವವರೆಗೆ ಬಿಸಿಲಿಗೆ ಒಣಗಿಸಿ, ಉತ್ತು, ಸುಣ್ಣ ಹಾಕಬೇಕು. ಬಿರುಕಿನಲ್ಲಿ ಗಾಳಿ ಇಳಿಯುತ್ತದೆ. ಅವಸರ ಮಾಡಿ ಒಣಗಿಸದೇ ಮರಿ ಬಿಟ್ಟರೆ ಹಿಂದಿನ ಬೆಳೆಯ ವಿಷ ಮುಂದಿನ ಬೆಳೆಗೆ. ಅಜ್ಜಂದಿರ ಗದ್ದೆಯ ಬುದ್ಧಿಯೇ ಇಲ್ಲಿಯೂ.

ಕಡಲಿನಲ್ಲಿಯೂ ಹೀಗೆ ಆಗುತ್ತದೆ ಎಂದರೆ ನನಗೆ ಮೊದಲು ನಂಬಿಕೆ ಬರಲಿಲ್ಲ. ಮಳೆಗಾಲದ ಕೊನೆಗೆ ಪಶ್ಚಿಮ ಕರಾವಳಿಯ ಹತ್ತಿರ ಆಮ್ಲಜನಕ ಇಲ್ಲದ ನೀರು ಆಳದಿಂದ ಮೇಲೆ ಬರುತ್ತದೆ. 1999ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಅಂಥ ತಳದ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡನ್ನೇ ಅಳೆದರು.

ಮೂಗನ್ನು ನಂಬಬೇಡಿ

ಇಷ್ಟು ಹೊತ್ತು ಮೀನಿನದ್ದಾಯಿತು. ಮನುಷ್ಯರದ್ದು ಹೇಳದೇ ಬಿಡುವ ಹಾಗಿಲ್ಲ, ಏಕೆಂದರೆ ನಮ್ಮಲ್ಲಿ ಹಲವರ ಮನೆಯವರು ಬಾವಿ, ಗೋಬರ್ ಗುಂಡಿ, ಮೀನಿನ ಕೆಲಸದವರು.

ಹೊಳೆ ಬದಿಯ ಬಯಲಿನಲ್ಲಿ ನಾತ ಬಂದರೆ ಜೀವಕ್ಕೆ ಅಪಾಯ ಇಲ್ಲ, ಗಾಳಿ ಎಳೆದುಕೊಂಡು ಹೋಗುತ್ತದೆ. ಅಪಾಯ ಇರುವುದು ಮುಚ್ಚಿದ ಜಾಗದಲ್ಲಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಸ್ವಲ್ಪ ಭಾರ, ಗುಂಡಿಯಲ್ಲಿ, ಟ್ಯಾಂಕಿನಲ್ಲಿ, ದೋಣಿಯ ಮೀನು ತುಂಬುವ ಕೋಣೆಯಲ್ಲಿ ಕೆಳಗೆ ನಿಲ್ಲುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದರ ಒಂದು ಪಾಲು ಇಲ್ಲದಿದ್ದರೂ ನಮ್ಮ ಮೂಗಿಗೆ ಗೊತ್ತಾಗುತ್ತದೆ. ಆದರೆ ಸುಮಾರು ನೂರು ಪಾಲು ಆದಾಗ ಕೆಲವೇ ನಿಮಿಷದಲ್ಲಿ ಮೂಗು ಸೋತು ಹೋಗುತ್ತದೆ. ನಾತ ನಿಂತಿತು, ಗ್ಯಾಸ್ ಹೋಯಿತು ಎಂದು ಇಳಿಯುತ್ತಾರೆ. ಗ್ಯಾಸ್ ಹೋಗಿರುವುದಿಲ್ಲ, ಮೂಗು ಹೋಗಿರುತ್ತದೆ. ಐನೂರು ಪಾಲು ದಾಟಿದರೆ ಮನುಷ್ಯ ಎಚ್ಚರ ತಪ್ಪಿ ಬೀಳುತ್ತಾನೆ. ಸಾವಿರದ ಹತ್ತಿರ ಹೋದರೆ ಒಂದೆರಡು ಉಸಿರು ಸಾಕು.

2022ರ ಏಪ್ರಿಲ್ ತಿಂಗಳಲ್ಲಿ ಮಂಗಳೂರಿನ ಬಜ್ಪೆಯ ಹತ್ತಿರ ಒಂದು ಮೀನಿನ ಕಾರ್ಖಾನೆಯ ತ್ಯಾಜ್ಯದ ಟ್ಯಾಂಕಿನಲ್ಲಿ ಒಬ್ಬ ಕಾರ್ಮಿಕ ಬಿದ್ದರು. ಅವರನ್ನು ಎತ್ತಲು ಇನ್ನೊಬ್ಬರು, ಅವರನ್ನು ಎತ್ತಲು ಮತ್ತೊಬ್ಬರು. ಹೀಗೆ ಇಳಿದವರಲ್ಲಿ 5 ಮಂದಿ ತೀರಿಕೊಂಡರು. ಅವರು ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು.

ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ಕ್ರಮ ನಮ್ಮಲ್ಲಿದೆ. ದೀಪ ಆರಿದರೆ ಉಸಿರಾಡುವ ಗಾಳಿ ಇಲ್ಲ ಎಂದು ತಿಳಿಯುತ್ತದೆ, ಅಷ್ಟು ಮಾತ್ರ ಸರಿ. ಮನುಷ್ಯನನ್ನು ಕೊಲ್ಲುವಷ್ಟು ಹೈಡ್ರೋಜನ್ ಸಲ್ಫೈಡ್ ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಗೋಬರ್ ಗುಂಡಿಗೆ ದೀಪ ಇಳಿಸಿದರೆ ಮೀಥೇನ್ ಹೊತ್ತಿಕೊಳ್ಳಬಹುದು. ಹಾಗಾಗಿ ಅಂಥ ಗುಂಡಿಗೆ, ಟ್ಯಾಂಕಿಗೆ ಇಳಿಯುವುದೇ ಬೇಡ. ಯಾರಾದರೂ ಬಿದ್ದದ್ದು ಕಂಡರೆ ಮೇಲಿನಿಂದ ಹಗ್ಗ ಎಸೆಯಿರಿ, ದೊಡ್ಡವರನ್ನು ಕರೆಯಿರಿ, 112ಕ್ಕೆ ಅಥವಾ ಅಗ್ನಿಶಾಮಕದವರ 101ಕ್ಕೆ ಫೋನ್ ಮಾಡಿಸಿ. ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವವರು ಅವರು. ಸೋದರಮಾವ ಹೇಳಿದ ಮಾತನ್ನು ಅವರ ಬಾಯಲ್ಲೇ ಬರೆಯುತ್ತೇನೆ: "ಅಣ್ಣ ಬಿದ್ರೂ ಅಪ್ಪಯ್ಯ ಬಿದ್ರೂ ಹಿಂದಿಂದ ಹಾರುಕಾಗ. ಕೂಗ್ ಹಾಕ್, ಹಗ್ಗ ತಾ."